ಊರ ಮಟ್ಟಿಯಿಂದ ಕೊಲ್ಹಾಪುರದ ಮೈದಾನಕ್ಕೆ

ಬೆಳಗಾವಿಯಿಂದ ಪುಣೆಯತ್ತ ಹೊರಟ ಹೆದ್ದಾರಿ ಸಂಕೇಶ್ವರ ದಾಟಿ, ಸ್ತವನಿಧಿಯ ಗುಡ್ಡ ಬಳಸಿ ಇಳಿದರೆ ನಿಪ್ಪಾಣಿ. ತಂಬಾಕಿನ ಘಾಟು ಹೊತ್ತ ಗಾಳಿಯೇ ಊರು ಬಂತೆಂದು ಹೇಳುತ್ತದೆ. ಇಲ್ಲಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಬಲಕ್ಕೆ ಹೊರಳಿದರೆ ಚಿಕ್ಕೋಡಿ. ಅಲ್ಲಿಂದ ಕೃಷ್ಣೆ ದಾಟಿದರೆ ಕಾಗವಾಡ, ಅಥಣಿ. ಹೊಳೆಯ ಈಚೆ ದಡದಲ್ಲೇ ಉಳಿದರೆ ರಾಯಬಾಗ. ಐದೂ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ತೀರ ಈಚಿನವರೆಗೆ ನಿಪ್ಪಾಣಿ ಚಿಕ್ಕೋಡಿಯ ಭಾಗವಾಗಿತ್ತು, ಕಾಗವಾಡ ಅಥಣಿಯ ಭಾಗವಾಗಿತ್ತು.

ಈ ಸೀಮೆಯನ್ನು ನೋಡಬಂದವರಿಗೆ ಮೊದಲು ಕಾಣುವುದು ಕಬ್ಬು. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ನೀರು ಕುಡಿದ ಕರಿಮಣ್ಣಿನ ಹೊಲಗಳು, ಟ್ರ್ಯಾಕ್ಟರುಗಳ ಸಾಲು, ಸಕ್ಕರೆ ಕಾರ್ಖಾನೆಯ ಹೊಗೆಕೊಳವೆ, ಮನೆಮುಂದೆ ಕಟ್ಟಿದ ಎಮ್ಮೆಗಳು. ಆದರೆ ನಸುಕಿನಲ್ಲಿ ಎದ್ದು ಊರೊಳಗೆ ಒಂದು ಸುತ್ತು ಹಾಕಿದವರಿಗೆ ಬೇರೊಂದು ಲೋಕ ಕಂಡೀತು. ಹನುಮಂತ ದೇವರ ಗುಡಿಯ ಪಕ್ಕದಲ್ಲೋ, ಅಗಸಿಯ ಹತ್ತಿರವೋ ತಗ್ಗು ಬಾಗಿಲಿನ ಒಂದು ಗರಡಿಮನೆ. ಒಳಗೆ ಕೆಂಪು ಮಣ್ಣಿನ ಮಟ್ಟಿ. ಎಂಟು ಹತ್ತು ವರ್ಷದ ಪೋರರಿಂದ ಹಿಡಿದು ಮೀಸೆ ಚಿಗುರಿದ ತರುಣರವರೆಗೆ ಲಂಗೋಟಿ ಬಿಗಿದು ನಿಂತಿರುತ್ತಾರೆ. ಹೊಡೆಯುವ ದಂಡ, ಬೈಠಕಗಳ ಲೆಕ್ಕ ಬಾಯಲ್ಲಿ ನಡೆದಿರುತ್ತದೆ.

ಪೇಟೆಯ ಮಕ್ಕಳು ಟೆನಿಸ್ ರ‍್ಯಾಕೆಟ್ ಹಿಡಿದು ಜೂನಿಯರ್ ಪಂದ್ಯಗಳಿಂದ ವೃತ್ತಿಪರ ಆಟದ ಕಡೆಗೆ ನಡೆಯುವ ಹಾದಿಯೊಂದುಂಟು. ಅದಕ್ಕೆ ಕೋಚು, ಕ್ರಮಾಂಕ, ವಿಮಾನದ ಟಿಕೇಟು. ಕೃಷ್ಣೆಯ ದಡದ ಹುಡುಗನಿಗೂ ಅಂಥದೇ ಒಂದು ಹಾದಿ ಇದೆ. ಅದು ಊರ ಮಟ್ಟಿಯಲ್ಲಿ ಹೊರಟು, ಜಾತ್ರೆಯ ಕಣಗಳನ್ನು ಹಾದು, ಗಡಿಯಾಚೆಯ ಕೊಲ್ಹಾಪುರದ ತಾಲೀಮು ಸೇರುತ್ತದೆ. ನೂರು ವರ್ಷಗಳಿಂದ ತುಳಿದು ತುಳಿದು ಸವೆದ ಹಾದಿ ಅದು.

ಮಣ್ಣು ತಯಾರಾಗುವ ಬಗೆ

ಕರಿಮಣ್ಣಿನ ನಾಡಿನಲ್ಲಿ ಕುಸ್ತಿಗೆ ಕೆಂಪು ಮಣ್ಣೇ ಬೇಕು. ಕರಿಮಣ್ಣು ಒಣಗಿದರೆ ಹೆಂಟೆ, ನೆನೆದರೆ ಅಂಟು. ಅದಕ್ಕೇ ಗರಡಿಗೆ ಕೆಂಪು ಮಣ್ಣನ್ನು ಹೊರಗಿನಿಂದ ತಂದು, ಜರಡಿ ಹಿಡಿದು ಸುರಿಯುತ್ತಾರೆ. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆಹಣ್ಣಿನ ರಸ, ಕರ್ಪೂರ ಬೆರೆಸಿ ದಿನಗಟ್ಟಲೆ ಹದಗೊಳಿಸುತ್ತಾರೆ. ಮೈ ತರಚಿದರೆ ನಂಜಾಗಬಾರದು, ಬಿದ್ದರೆ ಎಲುಬಿಗೆ ಪೆಟ್ಟಾಗಬಾರದು, ಬೆವರಿದ ಮೈ ಹಿಡಿತಕ್ಕೆ ಸಿಗಬೇಕು. ಇಷ್ಟೆಲ್ಲ ಲೆಕ್ಕ ಆ ಮಣ್ಣಿನಲ್ಲಿದೆ. ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಯಾರೂ ಮಟ್ಟಿಗೆ ಇಳಿಯುವುದಿಲ್ಲ. ಇಳಿಯುವ ಮುಂಚೆ ಚಿಟಿಕೆ ಮಣ್ಣು ಹಣೆಗೆ, ಎದೆಗೆ.

ಹೊಸದಾಗಿ ಬಂದ ಹುಡುಗನಿಗೆ ಮೊದಲ ಕೆಲಸ ಕುಸ್ತಿಯಲ್ಲ, ಸಲಿಕೆ. ಮಟ್ಟಿಯನ್ನು ಅಗೆದು ಸಡಿಲು ಮಾಡುವುದರಲ್ಲೇ ಅವನ ರಟ್ಟೆ, ಸೊಂಟ ಗಟ್ಟಿಯಾಗುತ್ತವೆ. ಆಮೇಲೆ ದಂಡ, ಬೈಠಕ, ಹಗ್ಗ ಹತ್ತುವುದು. ಕೆಲವು ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದೂ ಉಂಟು. ದೊಡ್ಡವರೊಡನೆ ಜೋರು ಹಿಡಿಯುವುದು ಆ ಮೇಲಿನ ಮಾತು. ಹಿರಿಯ ಪೈಲ್ವಾನರು ಕಿರಿಯನನ್ನು "ತಮ್ಮಾ" ಎಂದೇ ಕರೆದು ಕೈಕಾಲು ತಿದ್ದುತ್ತಾರೆ. ಕಲಿಸುವ ವಸ್ತಾದರಿಗೆ ಎಷ್ಟೋ ಕಡೆ ಸಂಬಳವಿಲ್ಲ. ಅವರೂ ಒಂದು ಕಾಲಕ್ಕೆ ಇದೇ ಮಣ್ಣಿನಲ್ಲಿ ಉರುಳಾಡಿದವರು.

ಇನ್ನು ಖುರಾಕು. ಹಾಲು, ತುಪ್ಪ, ಬದಾಮಿ ಅರೆದು ಮಾಡಿದ ಥಂಡಾಯಿ, ಮಾಂಸ ತಿನ್ನುವ ಮನೆಗಳಲ್ಲಿ ಮಟನ್ನು, ಮೊಟ್ಟೆ. ಎಮ್ಮೆ ಇದ್ದ ಮನೆಯಲ್ಲಿ ಹಾಲಿಗೇನೋ ಕೊರತೆಯಿಲ್ಲ. ಆದರೆ ಡೇರಿಗೆ ಹಾಕಿ ರೊಕ್ಕ ಮಾಡುವ ಹಾಲನ್ನು ಒಬ್ಬ ಮಗನ ಹೊಟ್ಟೆಗೆ ಹಾಕುವುದೆಂದರೆ ಇಡೀ ಮನೆ ಆ ಮಗನ ಮೇಲೆ ಹಣ ಹೂಡಿದಂತೆ. ಬದಾಮಿಯನ್ನಂತೂ ಕೊಂಡೇ ತರಬೇಕು. ಹೊಲ ಕಡಿಮೆ ಇದ್ದವರ ಮನೆಯಲ್ಲಿ ಪೈಲ್ವಾನ ಹುಟ್ಟಿದರೆ ಅವನ ಅಣ್ಣತಮ್ಮಂದಿರ ಗಂಗಾಳದ ಪಾಲು ಇವನಿಗೆ ಬರುತ್ತದೆ. ಹೀಗಾಗಿ ಇಲ್ಲಿ ಯಾವ ಹುಡುಗನೂ ಒಬ್ಬನೇ ಕಣಕ್ಕೆ ಇಳಿಯುವುದಿಲ್ಲ. ಅವನ ಬೆನ್ನ ಮೇಲೆ ಮನೆಯ ಲೆಕ್ಕ ಕೂತಿರುತ್ತದೆ.

ಜಾತ್ರೆಯೆಂಬ ಪರೀಕ್ಷೆ

ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಈ ಸೀಮೆಯನ್ನು ಉದ್ದಕ್ಕೆ ಸೀಳಿಕೊಂಡು ಬರುತ್ತದೆ. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಆಮೇಲೆ ಚಿಕ್ಕೋಡಿ ರೋಡ್. ಹೆಸರು ನಂಬಿ ಚಿಕ್ಕೋಡಿ ರೋಡಿನಲ್ಲಿ ಇಳಿದವರು ಚಿಕ್ಕೋಡಿ ಕಾಣಲು ಮತ್ತೆ ಬಸ್ಸು ಹಿಡಿಯಬೇಕು. ನಿಲ್ದಾಣವಿರುವುದು ರಾಯಬಾಗ ತಾಲ್ಲೂಕಿನಲ್ಲಿ. ಅದಕ್ಕೂ ಮುಂಚೆ ಬರುವ ಚಿಂಚಲಿ ಮಾಯಕ್ಕನ ಊರು. ಮಾಘ ಮಾಸದ ಭಾರತ ಹುಣ್ಣಿಮೆಗೆ ಅಲ್ಲಿ ನೆರೆಯುವ ಜಾತ್ರೆಗೆ ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದಾರೆ. ದೇವಿಗೆ ಗಡಿಯ ಗೊಡವೆಯಿಲ್ಲ. ಭಕ್ತರಿಗೂ ಇಲ್ಲ.

ಸುಗ್ಗಿ ಮುಗಿದು ಮಳೆಗಾಲ ಶುರುವಾಗುವವರೆಗೆ ಈ ಭಾಗದಲ್ಲಿ ಜಾತ್ರೆ, ಉರುಸುಗಳ ಸಾಲು. ಪಲ್ಲಕ್ಕಿ, ನೈವೇದ್ಯ ಮುಗಿದ ಮೇಲೆ ಕಡೆಯ ದಿನ ಕುಸ್ತಿ ಇಡುವುದು ಹಳೆಯ ರೂಢಿ. ಮಧ್ಯಾಹ್ನದ ಬಿಸಿಲು ಇಳಿಯುತ್ತಿದ್ದಂತೆ ಹಲಗಿ ಸದ್ದು ಮಾಡುತ್ತದೆ. ಜನ ಕಣದ ಸುತ್ತ ಕೂಡುತ್ತಾರೆ. ಮೊದಲು ಇಳಿಯುವವರು ಪೋರರು. ಅವರ ಕುಸ್ತಿಗೆ ಬಹುಮಾನ ಕೊಬ್ಬರಿ, ಬತ್ತಾಸು, ನಾಲ್ಕು ಕಾಸು. ಹೊತ್ತು ಏರಿದಂತೆ ಪೈಲ್ವಾನರ ಮೈಕಟ್ಟೂ ಇನಾಮೂ ದೊಡ್ಡದಾಗುತ್ತ ಹೋಗುತ್ತವೆ. ಕಟ್ಟಕಡೆಯ ಜೋಡಿಗೆ ಬೆಳ್ಳಿಯ ಕಡಗವೋ ಗದೆಯೋ ಇರುತ್ತದೆ.

ಇಲ್ಲಿ ತೂಕದ ಯಂತ್ರವಿಲ್ಲ. ಹಿರಿಯರು ಇಬ್ಬರು ಹುಡುಗರನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಾರೆ. ಕಾಲದ ಮಿತಿಯೂ ಬಹಳ ಕಡೆ ಇರುವುದಿಲ್ಲ. ನಿಕಾಲಿ ಕುಸ್ತಿಯಾದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವವರೆಗೆ ಆಟ ಮುಗಿಯುವಂತಿಲ್ಲ. ಗೆದ್ದವನಿಗೆ ರುಮಾಲು, ಹೆಗಲ ಮೇಲೆ ಮೆರವಣಿಗೆ. ಕಣದ ಸುತ್ತ ಒಂದು ಸುತ್ತು ಬರುವಾಗ ಕೂತವರು ಕೈಗೆ ಹತ್ತು, ಇಪ್ಪತ್ತು ತುರುಕುತ್ತಾರೆ. ಆ ಹಣದಲ್ಲಿ ಮುಂದಿನ ತಿಂಗಳ ಬದಾಮಿ ಬರುತ್ತದೆ.

ಇದು ಈ ಹಾದಿಯ ಜೂನಿಯರ್ ಪಂದ್ಯ. ಒಂದು ಹಂಗಾಮಿನಲ್ಲಿ ಹುಡುಗ ಎಷ್ಟೋ ಊರು ತಿರುಗುತ್ತಾನೆ. ಯಾರು ಢಾಕ ಚೆನ್ನಾಗಿ ಹಾಕುತ್ತಾರೆ, ಯಾರಿಗೆ ಏಳೆಂಟು ನಿಮಿಷಕ್ಕೆ ದಮ್ಮು ಕಟ್ಟುತ್ತದೆ ಎಂಬುದು ಬಾಯಿಂದ ಬಾಯಿಗೆ ಹಬ್ಬುತ್ತದೆ. ಅವನ ಕ್ರಮಾಂಕವನ್ನು ಯಾವ ಸಂಸ್ಥೆಯೂ ಅಚ್ಚು ಹಾಕುವುದಿಲ್ಲ. ಅದು ಜಾತ್ರೆಯಿಂದ ಜಾತ್ರೆಗೆ ನಡೆದುಬರುತ್ತದೆ.

ಯಕ್ಸಂಬಾದ ಹುಡುಗ

ಚಿಕ್ಕೋಡಿಯಿಂದ ಉತ್ತರಕ್ಕೆ ಹೋದರೆ ದೂಧಗಂಗೆಯ ಬಳಿ ಯಕ್ಸಂಬಾ. ಹೊಳೆಯಾಚೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. ಊರಲ್ಲಿ ಹಳೆಯ ನೇಮಿನಾಥ ಬಸದಿಯಿದೆ. ಕೊಲ್ಹಾಪುರ ಸೀಮೆಯನ್ನು ಆಳುತ್ತಿದ್ದ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ ಅದನ್ನು ಕಟ್ಟಿಸಿದನೆಂದೂ, ಸವದತ್ತಿಯ ರಟ್ಟರ ಅರಸ ಕಾರ್ತವೀರ್ಯ ಅದನ್ನು ನೋಡಲು ಬಂದನೆಂದೂ 1165ರ ಶಾಸನ ಹೇಳುತ್ತದೆ. ಎಂಟು ನೂರು ವರ್ಷಗಳ ಹಿಂದೆಯೂ ಈ ಊರು ಎರಡು ಸೀಮೆಗಳ ನಡುವೆಯೇ ಇತ್ತು.

1934ರ ಡಿಸೆಂಬರಿನಲ್ಲಿ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಈ ಊರಲ್ಲಿ. ಊರ ಮಣ್ಣಿನಲ್ಲಿ ಮೈ ಹದಗೊಂಡ ಹುಡುಗ ಕೊಲ್ಹಾಪುರದ ಶಾಹುಪುರಿ ತಾಲೀಮು ಸೇರಿದರು. 1959ರಲ್ಲಿ ದಿಲ್ಲಿಯಲ್ಲಿ ನಡೆದ ಹಿಂದ್ ಕೇಸರಿ ಕುಸ್ತಿಯಲ್ಲಿ ಪಂಜಾಬಿನ ಹೆಸರಾಂತ ಮಲ್ಲ ಬಂತಾ ಸಿಂಗ್ ಅವರನ್ನು ಸೋಲಿಸಿದರು. ಕುಸ್ತಿ ಲೋಕ ಅವರನ್ನು ದೇಶದ ಮೊದಲ ಹಿಂದ್ ಕೇಸರಿ ಎಂದು ನೆನೆಯುತ್ತದೆ. ಕಬ್ಬು, ತಂಬಾಕು ಬೆಳೆಯುವ ಒಂದು ಹಳ್ಳಿಯ ಮಗ ಉತ್ತರ ದೇಶದ ಮಲ್ಲರ ಹಮ್ಮು ಇಳಿಸಿದ ಸುದ್ದಿ ಗಡಿಯ ಎರಡೂ ಬದಿ ಎಷ್ಟು ಗರಡಿಗಳಿಗೆ ಹುಡುಗರನ್ನು ತಂದಿತೋ ಲೆಕ್ಕ ಇಟ್ಟವರಿಲ್ಲ.

ಅವರು ಗದೆ ಎತ್ತಿದಾಗ ಯಕ್ಸಂಬಾ ಯಾವ ರಾಜ್ಯದಲ್ಲಿತ್ತು? ಹುಟ್ಟಿದಾಗ ಮುಂಬಯಿ ಪ್ರಾಂತ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ 1959ರಲ್ಲಿ ಅವರ ಊರು ಮೈಸೂರು ರಾಜ್ಯದ್ದು, ಅವರ ತಾಲೀಮು ಮುಂಬಯಿ ರಾಜ್ಯದ್ದು. ಅವರು ಕೊಲ್ಹಾಪುರದಲ್ಲೇ ನೆಲೆಸಿದರು. 2020ರ ಡಿಸೆಂಬರ್ 14ರಂದು ತೀರಿಕೊಂಡದ್ದೂ ಅಲ್ಲಿಯೇ. ಮರಾಠಿ ಪತ್ರಿಕೆಗಳಿಗೆ ಅವರು ಕೊಲ್ಹಾಪುರದ ಮಲ್ಲ. ಇತ್ತ ಬೆಂಗಳೂರು, ಮೈಸೂರಿನ ಕಡೆ ಆ ಹೆಸರು ಕೇಳಿದವರೇ ಕಡಿಮೆ.

ಕೊಲ್ಹಾಪುರವೇ ಏಕೆ?

ಇದಕ್ಕೆ ಉತ್ತರ ಬೇಕಾದರೆ ಶಾಹು ಮಹಾರಾಜರ ಕಾಲಕ್ಕೆ ಹೋಗಬೇಕು. 1894ರಲ್ಲಿ ಪಟ್ಟಕ್ಕೆ ಬಂದ ಶಾಹು ಸ್ವತಃ ಕುಸ್ತಿಯ ಹುಚ್ಚು ಹಚ್ಚಿಕೊಂಡವರು. ಉತ್ತರದ ದೊಡ್ಡ ದೊಡ್ಡ ಮಲ್ಲರನ್ನು ಕರೆಸಿ ಆಶ್ರಯ ಕೊಟ್ಟರು, ತಾಲೀಮುಗಳಿಗೆ ನೆರವಾದರು. 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿ ಬಂದು ಕಟ್ಟಿಸಿದ್ದು ಖಾಸಬಾಗ್ ಮೈದಾನ. ಅದು ತೆರೆದದ್ದು 1912ರಲ್ಲಿ. ನಡುವೆ ಮಣ್ಣಿನ ಕಣ, ಸುತ್ತ ಇಳಿಜಾರಾಗಿ ಏರುವ ನೆಲ. ಸಾವಿರಾರು ಜನ ಕೂತರೂ ಕಟ್ಟಕಡೆಯವನಿಗೂ ಕಣ ಕಾಣುತ್ತದೆ.

ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದೇ ಒಂದು ಭಾಗ. ರಾಯಬಾಗದ ಪೈಲ್ವಾನನಿಗೆ ಕೊಲ್ಹಾಪುರ ಪರಊರಲ್ಲ, ತನ್ನ ಅರಸರ ರಾಜಧಾನಿ. ಚಿಕ್ಕೋಡಿ, ಅಥಣಿ ಬ್ರಿಟಿಷರ ಆಳ್ವಿಕೆಯಲ್ಲಿದ್ದರೂ ಸಂತೆ, ಸಂಬಂಧ, ಕುಸ್ತಿ ಎಲ್ಲಕ್ಕೂ ಮುಖ ಅತ್ತಲೇ. ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಗಡಿರೇಖೆ ಬಂತು. ಹಾದಿ ಮಾತ್ರ ಬದಲಾಗಲಿಲ್ಲ.

ಇಂದಿಗೂ ಜಾತ್ರೆಗಳಲ್ಲಿ ಹೆಸರು ಮಾಡಿದ ಹದಿನಾರು ಹದಿನೇಳರ ಹುಡುಗನಿಗೆ ಊರ ವಸ್ತಾದರು ಹೇಳುವ ಮುಂದಿನ ಊರು ಕೊಲ್ಹಾಪುರವೇ. ಗಂಗಾವೇಶ, ಮೋತಿಬಾಗ್, ಶಾಹುಪುರಿ ಎಂಬ ತಾಲೀಮುಗಳ ಹೆಸರು ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಅಲ್ಲಿ ಇರುವುದು, ಮಲಗುವುದು ತಾಲೀಮಿನಲ್ಲೇ. ತಮ್ಮ ಅಡಿಗೆ ತಾವೇ ಮಾಡಿಕೊಳ್ಳಬೇಕು. ಊರಿಂದ ಜೋಳ, ತುಪ್ಪ, ಹಾಲು ಬಂದರೆ ಬಂತು. ನಸುಕಿಗೊಮ್ಮೆ, ಸಂಜೆಗೊಮ್ಮೆ ಮಣ್ಣಿಗೆ ಇಳಿಯಬೇಕು. ಊರಲ್ಲಿ ಹುಲಿಯಾಗಿದ್ದವನಿಗೆ ಇಲ್ಲಿ ಮೊದಲ ವರ್ಷ ಬೀಳುವುದೇ ಪಾಠ. ಮರಾಠಿ ಬಾರದಿದ್ದರೆ ಅದೂ ಬರುತ್ತದೆ. ಕುಸ್ತಿಯ ಡಾವುಗಳ ಹೆಸರು ಮೊದಲೇ ಎರಡೂ ಕಡೆ ಒಂದೇ.

ವೃತ್ತಿಗೆ ಇಳಿದ ದಿನ ಯಾವುದು? ಟೆನಿಸ್ ಆಟಗಾರನಿಗೆ ಅದು ದಾಖಲೆಯಲ್ಲಿ ಸಿಗುತ್ತದೆ. ಪೈಲ್ವಾನನಿಗೆ ಅದನ್ನು ಗೋಡೆ ಹೇಳುತ್ತದೆ. ಜಾತ್ರೆ ಕಮಿಟಿಯವರು ಅಚ್ಚು ಹಾಕಿಸಿದ ಪೋಸ್ಟರಿನಲ್ಲಿ ಎದುರಾಳಿಯ ಪಕ್ಕ ಅವನ ಭಾವಚಿತ್ರ, ಹೆಸರಿನ ಮುಂದೆ ತಾಲೀಮಿನ ಹೆಸರು, ಮೊದಲೇ ಮಾತಾಡಿಕೊಂಡ ಮೊತ್ತ. ಅಂದಿನಿಂದ ಅವನು ಹೆಗಲ ಮೇಲೆ ಕೂತು ಕೈಚಾಚುವ ಹುಡುಗನಲ್ಲ, ಕರೆಸಿಕೊಳ್ಳುವ ಪೈಲ್ವಾನ. ಕೊಲ್ಹಾಪುರ, ಸಾಂಗಲಿ ಸೀಮೆಯ ಕೆಲವು ಸಹಕಾರಿ ಸಕ್ಕರೆ ಕಾರ್ಖಾನೆಗಳು ಆಯ್ದ ಮಲ್ಲರಿಗೆ ತಿಂಗಳ ಮಾನಧನ ಕೊಡುವ ಪದ್ಧತಿಯನ್ನೂ ನಡೆಸಿಕೊಂಡು ಬಂದಿವೆ. ಅರಸರು ಹೋದ ಮೇಲೆ ಆ ಜಾಗಕ್ಕೆ ಕಬ್ಬು ಬಂತು ಎಂದರೂ ನಡೆದೀತು.

ಅಥಣಿಯ ಚಪ್ಪಲಿ

ಅಥಣಿಯ ಪೇಟೆಯಲ್ಲಿ ನಿಂತು ನೋಡಿದರೆ ಈ ಕಥೆಗೆ ಒಂದು ಜೋಡಿ ಸಿಗುತ್ತದೆ. ಅಥಣಿ, ಮದಭಾವಿ, ನಿಪ್ಪಾಣಿಯ ಕುಶಲಿಗಳು ತಲೆಮಾರುಗಳಿಂದ ತೊಗಲು ಹದಮಾಡಿ ಚಪ್ಪಲಿ ಹೊಲಿಯುತ್ತ ಬಂದಿದ್ದಾರೆ. ಪೇಟೆಯಲ್ಲಿ ಅದರ ಹೆಸರು ಕೊಲ್ಹಾಪುರಿ. ಹೊಲಿದವರ ಊರು ಯಾರಿಗೂ ಗೊತ್ತಾಗುವುದಿಲ್ಲ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಹೆಸರು ಕೊಲ್ಹಾಪುರದ್ದೇ ಉಳಿಯಿತು. ಆದರೆ ಕೈ ಯಾರದು ಎಂಬುದು ಕಾಗದದ ಮೇಲಾದರೂ ಬಂತು.

ಪೈಲ್ವಾನರಿಗೆ ಅಂಥ ಕಾಗದವಿಲ್ಲ. ಹಾಲು ಕುಡಿಸಿದವಳು ಯಕ್ಸಂಬಾದ ತಾಯಿ, ಮೊದಲ ಪಟ್ಟು ಕಲಿಸಿದವರು ಊರ ವಸ್ತಾದರು, ಮೊದಲ ರುಮಾಲು ಸುತ್ತಿದ್ದು ಊರ ಜಾತ್ರೆ. ಕೀರ್ತಿ ಬರುವಾಗ ಮಾತ್ರ ವಿಳಾಸ ಬದಲಾಗಿರುತ್ತದೆ. ಹೀಗೆಂದು ಕೊಲ್ಹಾಪುರವನ್ನು ದೂರುವಂತೆಯೂ ಇಲ್ಲ. ಅದು ಬಂದವರಿಗೆಲ್ಲ ಬಾಗಿಲು ತೆರೆದು ಮಣ್ಣು ಕೊಟ್ಟ ಊರು. ಹುಡುಗ ಹೊರಟು ನಿಂತಾಗ ಅವನನ್ನು ಹಿಡಿದಿಡಬಲ್ಲದ್ದು ಈಚೆ ಏನಿತ್ತು ಎಂಬುದೇ ಕೇಳಬೇಕಾದ ಪ್ರಶ್ನೆ.

ಮಣ್ಣೋ, ಮ್ಯಾಟೋ?

ಈಗ ಹಾದಿ ಎರಡಾಗಿ ಒಡೆದಿದೆ. ಒಂದು ಮಣ್ಣಿನದು, ಇನ್ನೊಂದು ಮ್ಯಾಟಿನದು. ಮ್ಯಾಟಿನ ಮೇಲೆ ತೂಕದ ವರ್ಗಗಳಿವೆ, ಮೂರು ನಿಮಿಷದ ಎರಡು ಸುತ್ತುಗಳಿವೆ, ಅಂಕಗಳಿವೆ. 15, 17, 20 ವರ್ಷದೊಳಗಿನವರಿಗೆ ಬೇರೆ ಬೇರೆ ಪಂದ್ಯಗಳಿವೆ. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೆಟ್ಟಿಲುಗಳಿವೆ. ಗೆದ್ದವನಿಗೆ ಸಿಗುವುದು ಸರ್ಟಿಫಿಕೇಟು. ಅದು ಬದಾಮಿ ತರುವುದಿಲ್ಲ. ಆದರೆ ರೈಲ್ವೆ, ಸೇನೆ, ಪೊಲೀಸು ಇಲಾಖೆಗಳ ಕ್ರೀಡಾ ಕೋಟಾದ ಬಾಗಿಲು ತಟ್ಟುತ್ತದೆ. ಮಣ್ಣು ಇಂದು ರೊಕ್ಕ ಕೊಡುತ್ತದೆ, ಮ್ಯಾಟು ನಾಳೆ ನೌಕರಿ ಕೊಟ್ಟೀತು. ಹದಿನೇಳರ ಹುಡುಗನೂ ಅವನ ಅಪ್ಪನೂ ಕೂತು ತೂಗಬೇಕಾದದ್ದು ಇದನ್ನು.

ಮಣ್ಣಿನಿಂದ ಮ್ಯಾಟಿಗೆ ಹೋಗುವುದು ಸುಲಭವಲ್ಲ ಎನ್ನುವುದಕ್ಕೆ ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ಅವರ ಕಥೆ ಸಾಕ್ಷಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಅವರು ಹೋದದ್ದು ಮಣ್ಣಿನ ಅಭ್ಯಾಸದೊಡನೆ. ಆರನೆಯವರಾಗಿ ಬಂದರು. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ, ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆ ಒತ್ತೆಯಿಟ್ಟು 7000 ರೂಪಾಯಿ ಹೊಂದಿಸಿದರು. 1952ರಲ್ಲಿ ಜಾಧವ್ ಕಂಚು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಒಬ್ಬ ಪೈಲ್ವಾನನ ಹಿಂದೆ ಯಾರಾದರೊಬ್ಬರ ಮನೆ ಒತ್ತೆ ಬಿದ್ದಿರುತ್ತದೆ ಎಂಬುದು ಆಗಲೂ ನಿಜ, ಈಗಲೂ ನಿಜ.

ಕರ್ನಾಟಕದಲ್ಲಿ ಏನೂ ಇಲ್ಲವೆಂದಲ್ಲ. ದಾವಣಗೆರೆಯ ಕ್ರೀಡಾ ವಸತಿ ನಿಲಯ ಕುಸ್ತಿಗೆ ಹೆಸರಾಗಿದೆ. ಮೈಸೂರು ದಸರೆಯ ಕುಸ್ತಿಗೆ ನಾಡಿನ ಮಲ್ಲರೆಲ್ಲ ಹೋಗುತ್ತಾರೆ. ಬಾಗಲಕೋಟೆ ಕಡೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೋ ರೋಮನ್ ವಿಭಾಗದಲ್ಲಿ ಕಂಚು ಗೆದ್ದರು. ಹಳಿಯಾಳ, ಗದಗಿನ ಹುಡುಗಿಯರೂ ಮ್ಯಾಟಿಗೆ ಇಳಿದು ಗೆಲ್ಲುತ್ತಿದ್ದಾರೆ. ಆದರೆ ಕಾಗವಾಡದ ಹುಡುಗನಿಗೆ ದಾವಣಗೆರೆ ಒಂದು ದಿನದ ದಾರಿ. ಮಿರಜ ಗಡಿ ದಾಟಿದರೆ ಸಿಕ್ಕಿತು, ಅಲ್ಲಿಂದ ಕೊಲ್ಹಾಪುರಕ್ಕೆ ರೈಲಿದೆ. ಹಸಿದ ಹೊಟ್ಟೆ ಹತ್ತಿರದ ಹಾದಿಯನ್ನೇ ಹಿಡಿಯುತ್ತದೆ.

ಪೈಲ್ವಾನನ ಕಾಲ ಬಹಳ ಉದ್ದದ್ದಲ್ಲ. ಮೂವತ್ತು ದಾಟಿದ ಮೇಲೆ ಮೈ ಮಾತು ಕೇಳುವುದಿಲ್ಲ. ಮೊಣಕಾಲು, ಹೆಗಲು ಒಮ್ಮೆ ಹೋದರೆ ಅದಕ್ಕೂ ಮುಂಚೆಯೇ ಆಟ ಮುಗಿಯುತ್ತದೆ. ಖುರಾಕು ನಿಂತರೂ ಹಸಿವು ನಿಲ್ಲುವುದಿಲ್ಲ. ನೌಕರಿ ಸಿಕ್ಕವರು ದಡ ಸೇರಿದರು. ಉಳಿದವರು ಕಬ್ಬಿನ ಹೊಲಕ್ಕೆ, ಹಾಲಿನ ಡೇರಿಗೆ, ಕಾರ್ಖಾನೆಯ ಗೇಟಿಗೆ ಮರಳುತ್ತಾರೆ. 2005, 2019, 2021ರಂಥ ನೆರೆ ಬಂದು ಕೃಷ್ಣೆ, ದೂಧಗಂಗೆ ಹೊಲಗಳಿಗೆ ನುಗ್ಗಿದ ವರ್ಷ ಮರಳಿ ಬಂದವರ ಕೈಗೆ ಅದೂ ಸಿಗಲಿಲ್ಲ.

ಹೀಗೆ ಮರಳಿ ಬಂದವರೇ ಊರ ಗರಡಿಯನ್ನು ಉಳಿಸಿಕೊಂಡಿದ್ದಾರೆ ಎಂಬುದನ್ನೂ ಹೇಳಬೇಕು. ಚಿಕ್ಕೋಡಿಯ ಕಡೆಯಲ್ಲಾಗಲಿ, ರಾಯಬಾಗದ ಕಡೆಯಲ್ಲಾಗಲಿ ಮಟ್ಟಿಯ ಅಂಚಿನಲ್ಲಿ ನಿಂತು ಪೋರರ ಕಾಲು ತಿದ್ದುವ ಕಿವಿ ಚಟ್ಟಾದ ಮಧ್ಯವಯಸ್ಕರನ್ನು ಮಾತಾಡಿಸಿದರೆ, ಅವರೂ ಒಂದು ಕಾಲಕ್ಕೆ ಟ್ರಂಕು ಹೊತ್ತು ಕೊಲ್ಹಾಪುರದ ಬಸ್ಸು ಹತ್ತಿದವರೇ ಆಗಿರುತ್ತಾರೆ. ಹೋದದ್ದು ಹೆಸರಿಗಾಗಿ. ಹೊತ್ತು ತಂದದ್ದು ವಿದ್ಯೆ. ಸಂಬಳವಿಲ್ಲದೆ ಅದನ್ನು ಮುಂದಿನವರಿಗೆ ಕೊಡುತ್ತಿದ್ದಾರೆ. ತಾಲ್ಲೂಕಿಗೆ ಒಂದು ಒಳ್ಳೆಯ ಮ್ಯಾಟು, ಆ ವಸ್ತಾದರ ಕೈಗೆ ತಿಂಗಳಿಗೊಂದಿಷ್ಟು ಮಾನಧನ, ಬೆಳೆಯುವ ಹುಡುಗನಿಗೆ ಹಾಲು ಬದಾಮಿಯ ಖರ್ಚು. ಇಷ್ಟು ಇತ್ತಲೇ ಸಿಕ್ಕರೆ ಕೊಲ್ಹಾಪುರಕ್ಕೆ ಹೋಗುವವರು ಹೋಗಲಿ, ಬೇರೆ ದಾರಿಯಿಲ್ಲದೆ ಹೋಗುವುದು ತಪ್ಪೀತು.